ಕಳ್ಳಿಗೆ ಕಂಬಳಿ

ನಮ್ಮ ಮಾವನವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆ, ಮತ್ತು ನಲವತ್ತೊಂದು ಕಳ್ಳಿಗಿಡಗಳು. ಕಾರ್ತಿಕದ ಚಳಿ ಕಾಲಿಟ್ಟಿತೆಂದರೆ ಇವರಲ್ಲಿ ಮೊದಲ ಕಂಬಳಿ ಯಾರಿಗೆ ಸಿಗುತ್ತಿತ್ತು, ಹೇಳಿ ನೋಡೋಣ. ಮಕ್ಕಳಿಗೆ ಅಂದಿರಾ? ಸೊಸೆಗೆ ಅಂದಿರಾ? ಅಯ್ಯೋ ಪಾಪ, ನಿಮಗೆ ನಮ್ಮ ಮಾವನವರ ಪರಿಚಯವೇ ಇಲ್ಲ! ಇಡೀ ಬೆಂಗಳೂರಿನಲ್ಲಿ ಮುಳ್ಳಿಗೂ ಚಳಿಯಾಗುತ್ತದೆಂದು ಮರುಗಿದ ಮನುಷ್ಯ ಅವರೊಬ್ಬರೇ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ನಾನು ಬಳ್ಳಾರಿ ಬಿಸಿಲಲ್ಲಿ ಬೆಳೆದವಳು. ನಮ್ಮ ಕಡೆ ಕಳ್ಳಿ ಎಂದರೆ ಹೊಲದ ಬೇಲಿ. ಅದನ್ನು ಯಾರೂ ಸಾಕುವುದಿಲ್ಲ, ಯಾರೂ ನೀರು ಹಾಕುವುದಿಲ್ಲ, ಹಸಿದ ದನವೂ ಒಮ್ಮೆ ಮೂಸಿ ಮುಖ ತಿರುಗಿಸುತ್ತದೆ. ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಜಯನಗರದ ಈ ಮನೆಗೆ ಬಂದಾಗ, ಗೇಟಿನಿಂದ ಹೊಸಿಲಿನವರೆಗೆ ಎರಡೂ ಕಡೆ ಅದೇ ಬೇಲಿಯ ಗಿಡಗಳು ಬಣ್ಣ ಬಳಿದ ಕುಂಡಗಳಲ್ಲಿ ಕೂತು ನನ್ನನ್ನು ಎದುರುಗೊಂಡವು! ಉದ್ದನೆಯವು, ಗಿಡ್ಡನೆಯವು, ಬೆರಳಿನಂಥವು, ರೊಟ್ಟಿಯಂಥವು. ನಾನು ತಲೆ ತಗ್ಗಿಸಿ ಸೇರಕ್ಕಿ ಒದೆಯಲು ಕಾಲೆತ್ತಿದ್ದೇ ತಡ, ಹಿಂದಿನಿಂದ ಮಾವನವರು “ಸೆರಗು! ಸೆರಗು! ಹುಷಾರಮ್ಮ!” ಎಂದು ಕೂಗಿಕೊಂಡರು. ಎಂಥ ಕಾಳಜಿ, ನನ್ನ ಹೊಸ ಸೀರೆ ಹರಿದೀತೆಂದು ಇವರಿಗೆ ಎಷ್ಟು ಆತಂಕ ಎಂದು ನನ್ನ ಕಣ್ಣು ತುಂಬಿ ಬಂತು. ಆಮೇಲೆ ತಿಳಿಯಿತು. ನನ್ನ ಸೆರಗು ಬಡಿದು ಒಂದು ಕುಂಡ ಉರುಳುವುದರಲ್ಲಿತ್ತಂತೆ.

ಮಾವನವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ಬೆಳಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಗೆರೆ ವಿಭೂತಿ, ಅದರ ಮೇಲೆ ಕರಿ ಟೋಪಿ, ಕೈಯಲ್ಲಿ ಛತ್ರಿ. ನೋಡಿದವರು ಈ ಮನುಷ್ಯನಿಗೆ ಒಂದು ಹುಚ್ಚಿದೆ ಎಂದು ಕನಸಿನಲ್ಲೂ ನೆನೆಯುವಂತಿರಲಿಲ್ಲ. ಹುಚ್ಚು ಹತ್ತಿಸಿದವನು ಸ್ವಾತಂತ್ರ್ಯ ಬಂದ ವರ್ಷ ಇಂಗ್ಲೆಂಡಿಗೆ ಗಂಟುಮೂಟೆ ಕಟ್ಟಿ ಹೊರಟ ದಂಡಿನ ಸಾಹೇಬನೊಬ್ಬ. ಹೋಗುವಾಗ ಮಾವನವರ ಕೈಗೆ ನಿಂಬೆಹಣ್ಣಿನ ಗಾತ್ರದ ಒಂದು ಕಳ್ಳಿಮರಿಯನ್ನೂ ಅದರ ಜೊತೆಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ಇಟ್ಟು ಹೋದನಂತೆ. ನಾನು ಬರುವ ಹೊತ್ತಿಗೆ ಆ ಮರಿ ಹೊಂಬಣ್ಣದ ಮುಳ್ಳು ತುಂಬಿಕೊಂಡು ಸಿಹಿಗುಂಬಳದಷ್ಟು ಆಗಿತ್ತು. ಉಳಿದ ನಲವತ್ತು ಅದರ ಹಿಂದೆ ಒಂದೊಂದಾಗಿ ಬಂದು ಸೇರಿಕೊಂಡವು. ಈ ದುಂಡನೆಯದು ಹೂ ಬಿಡಲು ಹದಿನೈದಿಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಒಂದೇ ಒಂದು ಚಳಿಗಾಲ ಕೈಕೊಟ್ಟರೂ ಎಲ್ಲ ಮುಗಿಯಿತು ಎಂದು ಪುಸ್ತಕ ಹೇಳಿತ್ತು. ಮಾವನವರ ಜೀವಮಾನದ ಆಸೆ ಆ ಒಂದು ಹೂವು!

ಆ ಗಿಡಕ್ಕೆ ಪುಸ್ತಕದಲ್ಲಿ ಏನು ಹೆಸರಿತ್ತು ಗೊತ್ತೇ? ‘ಅತ್ತೆ ಕೂರುವ ದಿಂಬು’! ಮಾವನವರು ಅದನ್ನು ನನಗೊಬ್ಬಳಿಗೇ ಓದಿ ಹೇಳಿ, “ನಿಮ್ಮತ್ತೆ ಕಿವಿಗೆ ಬೀಳಬಾರ್ದು” ಎಂದು ಭಾಷೆ ತೆಗೆದುಕೊಂಡರು. ನಾನು ಎರಡು ದಿನ ತಡೆದೆ. ಮೂರನೆಯ ದಿನ ಬೇಳೆ ಆರಿಸುವಾಗ ನಗು ತಡೆಯಲಾಗದೆ ಬಾಯಿಬಿಟ್ಟೆ. ಅತ್ತೆಯವರು ಮೊರ ಕೆಳಗಿಟ್ಟು, ಅಂಗಳಕ್ಕೆ ಹೋಗಿ ಆ ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, “ದಿಂಬೇನೋ ಚೆನ್ನಾಗಿದೆ. ಆದ್ರೆ ಮೊದಲು ತಂದೋರು ಕೂತು ತೋರಿಸ್ಲಿ” ಅಂದರು!

ಇನ್ನು ಚಳಿಗಾಲದ ಸಮಾಚಾರ. ಆ ಪುಸ್ತಕ ಬರೆದವನ ಊರಿನಲ್ಲಿ ಹಿಮ ಬೀಳುತ್ತಿತ್ತು. ಆದ್ದರಿಂದ ಪುಸ್ತಕದಲ್ಲಿ ಹಿಮ ಬೀಳುತ್ತಿತ್ತು. ಪುಸ್ತಕದಲ್ಲಿ ಬಿದ್ದ ಮೇಲೆ ಜಯನಗರದಲ್ಲೂ ಬೀಳಲೇಬೇಕು!

“ಮಾವ, ಇಲ್ಲಿ ಹಿಮ ಬೀಳತ್ತಾ?” ಎಂದು ನಾನೇ ಒಮ್ಮೆ ಧೈರ್ಯ ಮಾಡಿ ಕೇಳಿದೆ.

“ಇಲ್ಲೀವರೆಗೂ ಬಿದ್ದಿಲ್ಲಮ್ಮ. ಹಾಗಂತ ನಾವು ಮೈಮರೆತು ಕೂರೋಕಾಗತ್ತಾ?”

ನಿಜ ಹೇಳಬೇಕೆಂದರೆ ಆಗಿನ ಚಳಿಯೂ ಚಳಿಯೇ. ಅರ್ಧ ಸೈಟುಗಳು ಖಾಲಿ, ಗಾಳಿಗೆ ಅಡ್ಡವಿಲ್ಲ, ಯಡಿಯೂರು ಕೆರೆಯ ಕಡೆಯಿಂದ ಮಂಜು ಎದ್ದು ಬಂದರೆ ಹಾಲಿನ ಹಸುವಿನ ಗಂಟೆ ಮೊದಲು ಕೇಳಿಸಿ ಹಸು ಆಮೇಲೆ ಕಾಣುತ್ತಿತ್ತು. ನಾನೋ ಬಳ್ಳಾರಿಯವಳು! ಹಲ್ಲು ಕಟಕಟಿಸುತ್ತ, ಅಪ್ಪ ಕೊಡಿಸಿದ್ದ ಕರಿ ಕಂಬಳಿ ಹೊದ್ದು ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದೆ. ಒಂದು ಸಂಜೆ ಮಾವನವರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ಮಗು, ನಿನ್ನ ಕಂಬಳಿ ಶಿವರಾತ್ರಿವರೆಗೂ ನನಗೆ ಕೊಡ್ತೀಯಾ?”

ಅತ್ತೆಯವರು ಕೆರಳಿದರು. “ಏನ್ರೀ ಇದು? ಆ ಹುಡುಗಿಗೆ ಚಳಿ ಆಗಲ್ವಾ?”

“ಅವಳು ಒಳಗೆ ಮಲಗ್ತಾಳೆ ಕಣೇ. ಅವು ಹೊರಗೆ ಮಲಗ್ತಾವಲ್ಲ!”

ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು? ಕಂಬಳಿ ಅಂಗಳಕ್ಕೆ ಹೋಯಿತು.

ಪ್ರತಿ ಸಂಜೆ ಅಂಗಳದಲ್ಲಿ ದೊಡ್ಡ ಸಂಭ್ರಮ. ಕಚೇರಿಯಿಂದ ಬಂದವರು ಟೋಪಿ ತೆಗೆಯುವ ಮೊದಲೇ ಗೋಣಿಚೀಲ ಕೈಗೆತ್ತಿಕೊಳ್ಳುತ್ತಿದ್ದರು. ಕುಂಡಗಳ ಸುತ್ತ ರಾಗಿ ಹುಲ್ಲು, ಅದರ ಮೇಲೆ ಗೋಣಿ, ಸಣ್ಣವಕ್ಕೆ ಹಳೆಯ ಪೇಪರಿನ ಪೊಟ್ಟಣದಂಥ ಟೋಪಿ, ಉದ್ದನೆಯವಕ್ಕೆ ನಮ್ಮ ಯಜಮಾನರ ಹಳೆಯ ಕಾಲುಚೀಲ, ದುಂಡನೆಯದಕ್ಕೆ ನನ್ನ ಕಂಬಳಿ, ಅದರ ಮೇಲೆ ಮನೆಯ ದೊಡ್ಡ ಛತ್ರಿ. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಅದೆಲ್ಲವನ್ನೂ ಒಂದೊಂದಾಗಿ ಬಿಚ್ಚಬೇಕು. ದಾರಿಹೋಕರು ಗೇಟಿನಾಚೆ ನಿಂತು ನೋಡಿ ಹೋಗುತ್ತಿದ್ದರು. ಹುಲ್ಲು ತಂದುಕೊಡುತ್ತಿದ್ದವರು ಯಡಿಯೂರಿನ ಹಾಲಿನ ಗೌಡರು. ಮೊದಲ ವರ್ಷ ಅವರು ಹಸುವಿಗೆಂದುಕೊಂಡು ತಂದರು. ಹುಲ್ಲು ಯಾರಿಗೆಂದು ಕಣ್ಣಾರೆ ಕಂಡ ದಿನ ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತುಬಿಟ್ಟರು.

“ಸಾಮೀ, ಇದು ಕಳ್ಳಿ ಅಲ್ವರಾ?”

“ಹೌದು ಗೌಡ್ರೆ.”

“ನಮ್ ತಿಪ್ಪೆ ಪಕ್ಕ ಗಾಡಿಗಟ್ಲೆ ಐತೆ. ನಮ್ಮಜ್ಜನ ಕಾಲದಿಂದ ಚಳೀಲೇ ನಿಂತೈತೆ, ಒಂದು ಕಿತ ಸೀನಿದ್ದು ಕಾಣೆ!”

“ಅದು ನಿಮ್ಮೂರಿನ ಕಳ್ಳಿ ಗೌಡ್ರೆ. ಇದು ಪರದೇಶದಿಂದ ಬಂದಿದ್ದು. ಅಭ್ಯಾಸ ಇರಲ್ಲ.”

ಗೌಡರು ನನ್ನತ್ತ ತಿರುಗಿ ಕನಿಕರದಿಂದ ನೋಡಿದರು. ಅವತ್ತು ಅಳತೆಯ ಮೇಲೆ ಒಂದಿಷ್ಟು ಹಾಲು ಹೆಚ್ಚು ಹಾಕಿ ಹೋದರು.

ಪುಸ್ತಕ ಇನ್ನೊಂದು ಮಾತು ಹೇಳಿತ್ತು. ಕಳ್ಳಿಯ ಸುತ್ತ ಐವತ್ತು ಡಿಗ್ರಿಗಿಂತ ಕಡಿಮೆಯಾಗಬಾರದು! ಡಿಗ್ರಿ ನೋಡುವುದು ಹೇಗೆ? ಮನೆಯಲ್ಲಿದ್ದದ್ದು ಒಂದೇ ಥರ್ಮಾಮೀಟರು, ಜ್ವರ ನೋಡುವುದು. ಮಾವನವರು ಅದನ್ನು ಚೆನ್ನಾಗಿ ಕೊಡವಿ, ದುಂಡನೆಯ ಕಳ್ಳಿಯ ಬುಡದ ಮಣ್ಣಿಗೆ ಚುಚ್ಚಿ, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿ, ತೆಗೆದು ಕನ್ನಡಕ ಏರಿಸಿ ನೋಡಿದರು. ಜ್ವರದ ಥರ್ಮಾಮೀಟರಿನಲ್ಲಿ ಅಂಕಿ ಶುರುವಾಗುವುದೇ ತೊಂಬತ್ತೈದರಿಂದ! ಅವರಿಗೆ ಖುಷಿಯೋ ಖುಷಿ. “ಐವತ್ತು ಬೇಕು ಅಂದಿದ್ದಾನೆ, ನಮ್ಮಲ್ಲಿ ತೊಂಬತ್ತೈದಿದೆ!” ಎಂದು ಮನೆಯೆಲ್ಲ ಸಾರಿದರು. ಒಂದು ವಾರ ಈ ಆನಂದ ನಡೆಯಿತು. ಕೊನೆಗೆ ನನ್ನ ಮೈದುನನಿಗೆ ನಿಜವಾಗಿ ಜ್ವರ ಬಂದು, ಡಾಕ್ಟರು ಬಂದು, “ಥರ್ಮಾಮೀಟರ್ ಕೊಡಿ” ಎಂದಾಗ ಅತ್ತೆಯವರು ಅದನ್ನು ಮಣ್ಣಿನಿಂದ ಕಿತ್ತು ತಂದರು. ಡಾಕ್ಟರು ವಿಷಯ ಕೇಳಿ ಔಷಧಿ ಬರೆಯುವುದನ್ನು ನಿಲ್ಲಿಸಿ, “ಇಲ್ಲಿ ಪೇಷಂಟು ಯಾರು ಅಂತ ಮೊದಲು ಹೇಳಿ” ಅಂದರು.

ಆದರೆ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ನೀರಿನದು. ಮಾವನವರು ಅದನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. ಬರೀ ಚಳಿಯಾದರೆ ಕಳ್ಳಿ ತಡೆಯುತ್ತದೆ, ಬರೀ ನೀರಾದರೂ ತಡೆಯುತ್ತದೆ, ಎರಡೂ ಜೊತೆಗೆ ಬಿದ್ದರೆ ಬುಡದಿಂದ ಕೊಳೆತು ಕೂತಲ್ಲೇ ಹೋಗಿಬಿಡುತ್ತದೆ. ಆದ್ದರಿಂದ ದೀಪಾವಳಿಯಿಂದ ಶಿವರಾತ್ರಿವರೆಗೆ ನಲವತ್ತೊಂದೂ ಕಳ್ಳಿಗಳಿಗೆ ನಿರ್ಜಲ ಉಪವಾಸ! ಮನುಷ್ಯರು ಉಪವಾಸ ಶುರುಮಾಡುವ ಶಿವರಾತ್ರಿಯಂದು ನಮ್ಮ ಕಳ್ಳಿಗಳು ಉಪವಾಸ ಮುಗಿಸುತ್ತಿದ್ದವು.

ಎರಡನೆಯ ವರ್ಷ ಈ ಉಪವಾಸ ಮುರಿದ ಕತೆ ಕೇಳಿ. ಯಾವುದೋ ಬೆಕ್ಕು ಹಾರಿ ದುಂಡನೆಯ ಕಳ್ಳಿಯ ಮೇಲೆ ಪಕ್ಕದ ಕುಂಡ ಉರುಳಿಸಿ, ಒಂದು ಕಡೆ ನಾಲ್ಕು ಬೆರಳಗಲ ಮುಳ್ಳು ಕಿತ್ತು ಗಾಯವಾಯಿತು. ಗಾಯ ಬೇಗ ಒಣಗಲು ಬೂದಿ ಹಚ್ಚಬೇಕೆಂದು ಪುಸ್ತಕದ ಅಪ್ಪಣೆ. ಒಲೆಯ ಬೂದಿ ಮೈಲಿಗೆಯಾದೀತೆಂದು ಮಾವನವರು ತಮ್ಮ ವಿಭೂತಿ ಗಟ್ಟಿಯನ್ನೇ ತಂದರು. ಕೈ ಅಭ್ಯಾಸ ನೋಡಿ, ಮೂರು ಬೆರಳು ಅದ್ದಿ ಎಳೆದದ್ದೇ ತಡ, ಕಳ್ಳಿಯ ಮುಖದ ಮೇಲೆ ಅಚ್ಚುಕಟ್ಟಾದ ಮೂರು ಅಡ್ಡ ಗೆರೆ! ಕುತ್ತಿಗೆಯವರೆಗೆ ಕರಿ ಕಂಬಳಿ, ಮೇಲೆ ಛತ್ರಿ. ಅಷ್ಟು ಸಾಲದೆ ಅವತ್ತು ಕಾರ್ತಿಕ ಸೋಮವಾರ.

ಎದುರು ಮನೆಯ ಅಜ್ಜಿಗೆ ಕಣ್ಣು ಮಂದ, ಭಕ್ತಿ ಜಾಸ್ತಿ. ಹೂವು ಕೇಳಲು ಬಂದವರು ಅಂಗಳದಲ್ಲಿ ಇದನ್ನು ಕಂಡು ರೋಮಾಂಚನಗೊಂಡರು. ಓಡಿ ಹೋಗಿ ಒಂದು ತಂಬಿಗೆ ನೀರು, ಅರ್ಧ ಲೋಟ ಹಾಲು, ಎರಡು ಬಿಲ್ವಪತ್ರೆ ತಂದು, ನಾವು ಒಳಗಿನಿಂದ ಬರುವಷ್ಟರಲ್ಲಿ ಸಾಂಗವಾಗಿ ಅಭಿಷೇಕ ಮುಗಿಸಿ ಅಡ್ಡಬಿದ್ದಿದ್ದರು! ಮಾವನವರು ಬಾಗಿಲಲ್ಲಿ ನಿಂತು ಬಾಯಿ ತೆರೆದರು. ಮುಚ್ಚಿಕೊಂಡು ಕೈ ಮುಗಿದರು. ಇನ್ನೇನು ಮಾಡಿಯಾರು? ಶಿವಪೂಜೆ ಮಾಡಿದ ಮುದುಕಿಯನ್ನು ಕಾರ್ತಿಕ ಸೋಮವಾರ ಬೈಯುವುದುಂಟೇ?

“ಎಷ್ಟು ಒಳ್ಳೇ ಕೆಲಸ ಮಾಡಿದ್ರಿ ಸ್ವಾಮಿ, ಮನೆ ಮುಂದೆನೇ ಈಶ್ವರನ್ನ ಕೂರಿಸಿದೀರಿ” ಎಂದು ಅಜ್ಜಿ ಕಣ್ಣೊರೆಸಿಕೊಂಡರು.

“ಎಲ್ಲಾ ನಿಮ್ಮ ಆಶೀರ್ವಾದ” ಎಂದು ಮಾವನವರು ಅಳುವ ದನಿಯಲ್ಲಿ ಹೇಳಿದರು.

ಅಜ್ಜಿ ಗೇಟು ದಾಟಿದ್ದೇ ಶುರುವಾಯಿತು ನೋಡಿ ಯುದ್ಧ! ಮಾವನವರು ಬ್ಲಾಟಿಂಗ್ ಪೇಪರ್ ಚೂರು ಮಾಡಿ ಕಳ್ಳಿಯ ಸಂದುಗೊಂದಿಗೆ ಒತ್ತಿದರು. ಅತ್ತೆಯವರು ಬೀಸಣಿಗೆ ಬೀಸಿದರು, ನಾನು ಕೆಂಡದ ತಟ್ಟೆಗೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿದೆ. ‘ಮನೆಯ ಹಿರಿಯರಿಗೆ ಶೀತ’ ಎಂದು ಬರೆದು ಮೂರು ದಿನದ ರಜಾ ಅರ್ಜಿ ಕಚೇರಿಗೆ ಹೋಯಿತು. ಎರಡನೆಯ ದಿನ ಕಚೇರಿಯ ಇಬ್ಬರು ಗುಮಾಸ್ತರು ಮೋಸಂಬಿ ಹಿಡಿದುಕೊಂಡು ನೋಡಲು ಬಂದರು.

“ಹೇಗಿದ್ದಾರೆ ಸಾರ್?”

“ಇನ್ನೂ ಮೂರು ದಿನ ಕಳೀಬೇಕಪ್ಪ. ಬುಡ ಮೆತ್ತಗಾಗದೇ ಇದ್ರೆ ಸಾಕು.”

ಗುಮಾಸ್ತರು ಮುಖಮುಖ ನೋಡಿಕೊಂಡರು. ಮೋಸಂಬಿಯನ್ನು ನಾವು ತಿಂದೆವು, ಕಳ್ಳಿ ಬದುಕಿತು!

ಆ ಅಪಘಾತದ ನಂತರ ಮಾವನವರಿಗೆ ಅಂಗಳದ ಮೇಲೆ ನಂಬಿಕೆ ಹೋಯಿತು. ನಮ್ಮ ಮನೆಯ ಬಚ್ಚಲಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆಯಿತ್ತು. ನೀರು ಕಾಯಿಸುವ ಹಂಡೆಯ ಒಲೆ ಗೋಡೆಯಾಚೆಯೇ ಇದ್ದುದರಿಂದ ಇಡೀ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಅದೊಂದೇ. ದುಂಡನೆಯ ಕಳ್ಳಿ ಮತ್ತು ಹದಿನೆಂಟು ಸೂಕ್ಷ್ಮ ಪ್ರಕೃತಿಯವು ಅಲ್ಲಿಗೆ ಬಿಡಾರ ಬದಲಿಸಿದವು. ಮೂರನೆಯ ವರ್ಷವೂ ದೀಪಾವಳಿಯ ಪಟಾಕಿ ಮುಗಿದ ಮರುದಿನವೇ ಕುಂಡಗಳು ಒಳಗೆ ಹೋದವು. ಈ ಸಲ ಮಾವನವರ ಉತ್ಸಾಹ ಹೇಳತೀರದು. ದುಂಡನೆಯದರ ನೆತ್ತಿಯ ಮೇಲೆ ಬಿಳಿ ಉಣ್ಣೆಯಂಥದ್ದು ದಪ್ಪಗೆ ಕಟ್ಟಿತ್ತು. “ಬೇಸಿಗೆಗೆ ಹೂವು! ಗ್ಯಾರಂಟಿ! ಈ ಒಂದು ಚಳಿಗಾಲ ದಾಟಿಸಿಬಿಟ್ರೆ ಸಾಕಮ್ಮ!” ಎಂದು ದಿನಕ್ಕೆ ನಾಲ್ಕು ಸಲ ನನ್ನನ್ನು ಕರೆದು ತೋರಿಸುತ್ತಿದ್ದರು.

ಆ ವರ್ಷ ನಾನು ಬಸುರಿ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರಿಂದ ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲ. ಎಲ್ಲ ಇಲ್ಲೇ ಎಂದು ಅತ್ತೆಯವರು ನಿರ್ಧರಿಸಿದ್ದರು. ಬಾಣಂತಿ ಕೋಣೆ ಯಾವುದು? ಬೆಚ್ಚಗಿರುವುದು ಒಂದೇ ತಾನೆ!

“ಸಂಕ್ರಾಂತಿ ಹೊತ್ತಿಗೆ ರೂಮು ಖಾಲಿಯಾಗ್ಬೇಕು” ಎಂದರು ಅತ್ತೆಯವರು.

“ಶಿವರಾತ್ರಿ” ಎಂದರು ಮಾವನವರು.

“ಮಗು ಹುಟ್ಟೋದು ನಿಮ್ಮ ಪುಸ್ತಕ ನೋಡ್ಕೊಂಡಲ್ಲ!”

ಕೊನೆಗೆ ಸಂಕ್ರಾಂತಿಗೆ ರಾಜಿಯಾಯಿತು. ಆದರೆ ನನ್ನ ಮಗಳು ಸಂಕ್ರಾಂತಿಯವರೆಗೆ ಕಾಯಲಿಲ್ಲ. ಧನುರ್ಮಾಸದ ಆರಂಭದಲ್ಲೇ, ಬಂಗಾಳ ಕೊಲ್ಲಿಯ ಕಡೆಯ ಚಂಡಮಾರುತದಿಂದ ಇಲ್ಲಿ ಹಗಲಿಡೀ ಜಿಟಿಜಿಟಿ ಹನಿಯುತ್ತಿದ್ದ ವಾರ, ತಿಂಗಳು ತುಂಬುವ ಮೊದಲೇ ಬಂದುಬಿಟ್ಟಳು. ಅಂಗೈಯಲ್ಲಿ ಹಿಡಿಯುವಷ್ಟು ಕೂಸು. ಎಂಟನೆಯ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಲೇಡಿ ಡಾಕ್ಟರು ನನ್ನ ಕೈ ಹಿಡಿದು, “ತುಂಬಾ ಸಣ್ಣ ಮಗು. ಬೆಚ್ಚಗಿಡಬೇಕು. ಶೀತ ತಗಲಿದ್ರೆ ಕಷ್ಟ ಆಗತ್ತೆ” ಎಂದರು. ಜಟಕಾದಲ್ಲಿ ಕೂತು ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಕೋಣೆಯಲ್ಲಿ ಕಳ್ಳಿ ಇದೆಯಲ್ಲ! ಹೊರಗೆ ಚಳಿ, ಮಳೆ ಎರಡೂ ಇದೆಯಲ್ಲ! ಹದಿಮೂರು ವರ್ಷ ಸಾಕಿದ್ದನ್ನು ಇಂಥ ದಿನದಲ್ಲಿ ಹೊರಗಿಡಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ? ಹೇಳದಿದ್ದರೆ ನನ್ನ ಕೂಸಿನ ಗತಿಯೇನು?

ಮನೆ ಮುಂದೆ ಜಟಕಾ ನಿಂತಾಗ ಮಾವನವರು ದೊಡ್ಡ ಛತ್ರಿ ಹಿಡಿದು ಓಡಿಬಂದು ನನ್ನ ಮತ್ತು ಮಗುವಿನ ಮೇಲೆ ಹಿಡಿದರು. ಅಂಗಳದಲ್ಲಿ ನಲವತ್ತೊಂದೂ ಕುಂಡಗಳು ಮಳೆಯಲ್ಲಿ ನಿಂತಿದ್ದವು. ಗೋಣಿಗಳು ನೆನೆದು ತೊಟ್ಟಿಕ್ಕುತ್ತಿದ್ದವು. ದುಂಡನೆಯದರ ಮೇಲೆ ಛತ್ರಿ ಇರಲಿಲ್ಲ. ಅದು ನನ್ನ ತಲೆಯ ಮೇಲಿತ್ತು.

ಕೋಣೆಗೆ ಹೋದರೆ ಹೊಸದಾಗಿ ಸುಣ್ಣ ಬಳಿದಿದೆ, ನೆಲ ಕನ್ನಡಿಯಂತಿದೆ, ಹಾಸಿಗೆ ಬೆಚ್ಚಗಿದೆ. ನಾನು ಸಂತೋಷ ತಡೆಯಲಾರದೆ ಮಗುವನ್ನು ಮಾವನವರತ್ತ ಚಾಚಿ, “ತಗೊಳ್ಳಿ ಮಾವ, ನಿಮ್ಮ ಮೊಮ್ಮಗಳು” ಎಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಬೇಡಮ್ಮ. ಬೇಡ. ಈಗ ಬೇಡ” ಎಂದವರೇ ಹೊರಟುಹೋದರು.

ಮರುದಿನವೂ ಹಾಗೆಯೇ. ಬಾಗಿಲಲ್ಲಿ ನಿಂತು ನೋಡುವುದು, ಕೈ ಹಿಂದಕ್ಕೆ ಕಟ್ಟಿಕೊಳ್ಳುವುದು, ಹೋಗುವುದು. ಕಳ್ಳಿ ಹೋಗುತ್ತಿದೆಯೆಂದು ನನ್ನ ಮಗುವಿನ ಮೇಲೆ ಕೋಪವೇ ಎಂದು ನನಗೆ ದುಃಖ ಉಕ್ಕಿ ಬಂತು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅತ್ತೆಯವರ ಮುಂದೆ ಅತ್ತುಬಿಟ್ಟೆ.

“ಹುಚ್ಚಿ” ಎಂದರು ಅತ್ತೆಯವರು. “ಅವರ ಕೈ ನೋಡಿದ್ದೀಯಾ ನೀನು?”

ಆ ಕೋಣೆಯಲ್ಲಿಟ್ಟಿದ್ದ ರೊಟ್ಟಿಯಂಥ ಪಾಪಾಸುಕಳ್ಳಿಗಳಲ್ಲಿ ಕಣ್ಣಿಗೆ ಕಾಣುವ ಮುಳ್ಳಿನ ಬುಡದಲ್ಲಿ ಕೂದಲಿಗಿಂತ ಸಣ್ಣ ಸುಂಕು ಇರುತ್ತದೆ. ಎಲ್ಲೆಂದರಲ್ಲಿ ಉದುರುತ್ತದೆ, ಕಾಣುವುದಿಲ್ಲ, ಪೊರಕೆಗೆ ಸಿಗುವುದಿಲ್ಲ, ಚರ್ಮಕ್ಕೆ ಹೊಕ್ಕರೆ ದಿನಗಟ್ಟಲೆ ಉರಿಯುತ್ತದೆ. ನನಗೆ ನೋವು ಶುರುವಾಗಿ ಆಸ್ಪತ್ರೆಗೆ ಹೋದ ಬೆಳಗ್ಗೆಯೇ ಮಾವನವರು ಯಾರೂ ಹೇಳದೆ, ಯಾರನ್ನೂ ಕೇಳದೆ, ಕೂಸು ಬರುವ ಮನೆಯೊಳಗೆ ಎಲ್ಲೂ ಸುಂಕು ಉದುರಬಾರದೆಂದು ಕುಂಡಗಳನ್ನೆಲ್ಲ ಮಳೆಗೆ ಎತ್ತಿಟ್ಟಿದ್ದರು. ಕೋಣೆ ಗುಡಿಸಿ, ಸಾರಿಸಿ, ಆಮೇಲೆ ಮಂಡಿಯೂರಿ ಕೂತು, ನೆಲವನ್ನೂ ಮೊಣಕಾಲೆತ್ತರದ ಗೋಡೆಯನ್ನೂ ಬರಿಗೈಯಲ್ಲಿ ಅಂಗುಲ ಅಂಗುಲವಾಗಿ ಸವರಿದ್ದರು. ಚುಚ್ಚಿದ ಕಡೆ ಸುಂಕು ಇದೆ ಎಂದರ್ಥ. ಕೈಗೆ ಬಂದರೆ ನೆಲದಿಂದ ಹೋಯಿತೆಂದರ್ಥ. ಮೂರು ದಿನ ಹೀಗೆ ಸವರಿ, ಒಂದೂ ಚುಚ್ಚದ ದಿನ ಎದ್ದರಂತೆ. ಅತ್ತೆಯವರು ಅವತ್ತಿನಿಂದ ಭೂತಗನ್ನಡಿ, ಚಿಮಟ ಹಿಡಿದು ಅವರ ಅಂಗೈಯಿಂದ ಒಂದೊಂದನ್ನೇ ಕೀಳುತ್ತಿದ್ದರು.

“ಮಗೂನ ಮೈ ಹೂವಿನ ಹಾಗಿದೆ, ನನ್ನ ಕೈ ತಾಗಬಾರ್ದು ಅಂತಾರೆ. ನಿನಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ದಾರೆ” ಎಂದು ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಂಡರು.

ದುಂಡನೆಯ ಕಳ್ಳಿ ಆ ವಾರವೇ ಬುಡ ಮೆತ್ತಗಾಗಿ ಒಂದು ಕಡೆಗೆ ಒರಗಿತು. ಮಾವನವರು ಅದನ್ನು ಹಿತ್ತಲಲ್ಲಿ ಮಣ್ಣು ಮಾಡಿ ಬಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ನಾನು ಇವತ್ತಿಗೂ ಆ ಹೂವಿನ ಬಣ್ಣ ಯಾವುದಿರಬಹುದೆಂದು ಯಾರನ್ನೂ ಕೇಳಿಲ್ಲ.

ತೊಟ್ಟಿಲು ಶಾಸ್ತ್ರದ ದಿನ ಎಲ್ಲರೂ ಮಗುವನ್ನು ಎತ್ತಿ ಆಡಿಸಿ ಮುಗಿದ ಮೇಲೆ ಮಾವನವರು ನನ್ನ ಮುಂದೆ ಬಂದು ನಿಂತರು. ಎರಡೂ ಅಂಗೈಗಳನ್ನು ತಮ್ಮ ಕೆನ್ನೆಗಳಿಗೆ ಒತ್ತಿ ನಿಧಾನವಾಗಿ ಸವರಿಕೊಂಡರು. ಒಂದು ಕ್ಷಣ ತಡೆದು ಮತ್ತೊಮ್ಮೆ ಸವರಿಕೊಂಡರು.

“ಈಗ ಕೊಡಮ್ಮ” ಎಂದರು.